ಫ್ರಿಜ್ಜಿನ ಬದಲು ಬಂದ ಸೂಕ್ಷ್ಮದರ್ಶಕ

ನನ್ನ ಸೋದರಮಾವನನ್ನು ನೀವು ಯಾವತ್ತಾದರೂ ಊಟಕ್ಕೆ ಕರೆಯುವುದಿದ್ದರೆ ದಯವಿಟ್ಟು ಮೊಸರು ಬಡಿಸಬೇಡಿ. ಸಾರು ಬಡಿಸಿ, ಹುಳಿ ಬಡಿಸಿ, ಪಾಯಸವನ್ನು ಬೇಡ ಬೇಡ ಅಂದರೂ ಬಡಿಸಿ. ಮೊಸರು ಮಾತ್ರ ಬೇಡ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ!

ಬೆಳ್ತಂಗಡಿಯಲ್ಲಿ ನಮ್ಮ ದೊಡ್ಡಪ್ಪನ ಮಗಳ ನಿಶ್ಚಿತಾರ್ಥ. ಗಂಡಿನ ಕಡೆಯವರು ಸ್ವಲ್ಪ ಬಿಗಿ ಜನ. ನಕ್ಕರೆ ಎಲ್ಲಿ ಖರ್ಚಾಗಿಬಿಡುತ್ತದೋ ಎಂದು ಹೆದರಿದವರಂತೆ ಸಾಲಾಗಿ ಕೂತಿದ್ದರು. ಅವರನ್ನು ಸಡಿಲ ಮಾಡುವ ಸದುದ್ದೇಶ ಮಾವನಿಗೆ ಹುಟ್ಟಿತು. ಹೋದಲ್ಲೆಲ್ಲ ಜೊತೆಗೆ ಒಯ್ಯುವ ಮರದ ಪೆಟ್ಟಿಗೆಯನ್ನು ಬಿಚ್ಚಿದರು, ಕಿಟಕಿಯ ಬಳಿ ಬೆಳಕಿಗೆ ಸೂಕ್ಷ್ಮದರ್ಶಕವನ್ನು ನಿಲ್ಲಿಸಿದರು, ಪಂಕ್ತಿಗೆ ತಂದಿಟ್ಟ ಮೊಸರಿನ ಬಾಲ್ದಿಯಿಂದ ಒಂದು ಹನಿ ತೆಗೆದು ಗಾಜಿನ ಮೇಲೆ ಸವರಿ, ಅದಕ್ಕೆ ನೀಲಿ ಬಣ್ಣ ಹಾಕಿ, ಇಡೀ ಚಪ್ಪರಕ್ಕೆ ಕೇಳುವ ಹಾಗೆ ಕೂಗಿದರು.

"ಬನ್ನಿ ಬನ್ನಿ, ನಾಚಿಕೆ ಎಂತದ್ದು? ಬೀಗರ ಮನೆಯ ಮೊಸರಿನೊಳಗೆ ಎಷ್ಟು ಸಂಸಾರ ಉಂಟು, ನೋಡುವ!"

ಹುಡುಗನ ಅಪ್ಪ ನೋಡಿದರು. ಹುಡುಗನ ಅಮ್ಮ ನೋಡಿದರು. ಹುಡುಗನೂ ನೋಡಿದ. ಮಾವ ಹಿಂದೆ ನಿಂತು ಪರಿಚಯ ಮಾಡಿಕೊಡುತ್ತಿದ್ದರು: "ಕೋಲಿನ ಹಾಗೆ ಕಾಣ್ತದಲ್ಲ, ಅವ ಮನೆ ಯಜಮಾನ. ಹಾಲಿನ ಸಕ್ಕರೆ ತಿಂದು ಹುಳಿ ಬಿಡುವುದು ಅವನ ಉದ್ಯೋಗ. ಸರಪಣಿ ಕಟ್ಟಿಕೊಂಡು ನಿಂತದ್ದು ಅವನ ಭಾವಮೈದಂದಿರು. ತಿನ್ನುವಾಗ ಎಲ್ಲ ಒಟ್ಟಿಗೆ!"

ಆ ದಿನ ಗಂಡಿನ ಕಡೆಯ ಒಬ್ಬರೂ ಮೊಸರು ಮುಟ್ಟಲಿಲ್ಲ. ಹೆಣ್ಣಿನ ಕಡೆಯವರು ಮುಟ್ಟಿದರೆ ಮರ್ಯಾದೆ ಅಲ್ಲವೆಂದು ಅವರೂ ಮುಟ್ಟಲಿಲ್ಲ. ಬಾಲ್ದಿಗಟ್ಟಲೆ ಮೊಸರು ಹಾಗೇ ಉಳಿಯಿತು. ಅಡುಗೆ ಭಟ್ಟರು ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ನನ್ನ ಮೊಸರಿನಲ್ಲಿ ಹುಳ ಉಂಟು ಅಂತ ಹೇಳಿದವ ಯಾರು?" ಮಾವ ಒಂದಿಷ್ಟೂ ಅಳುಕದೆ ಅವರ ಭುಜ ಹಿಡಿದು ಕಿಟಕಿಯ ಹತ್ತಿರ ಕರೆದುಕೊಂಡು ಹೋದರು. ಭಟ್ಟರು ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಬಹಳ ಹೊತ್ತು ನೋಡಿದರು. ಆಮೇಲೆ ತಲೆಯೆತ್ತಿ ತೀರ್ಪು ಕೊಟ್ಟರು.

"ಇದು ನನ್ನ ಮೊಸರೇ ಅಲ್ಲ ಮಾಷ್ಟ್ರೇ. ನನ್ನ ಮೊಸರಿನಲ್ಲಿ ಇರುವಂಥದ್ದು ಇದಕ್ಕಿಂತ ಪುಷ್ಟಿಯಾಗಿರ್ತದೆ!"

ಭಟ್ಟರು ಮಾಷ್ಟ್ರೇ ಎಂದರಲ್ಲ, ಅದನ್ನು ಹೇಳಬೇಕು. ಈ ಮಾವ ಅಮ್ಮನ ಒಬ್ಬನೇ ತಮ್ಮ. ಮನೆ ಶಿರ್ತಾಡಿಯಲ್ಲಿ, ಕೆಲಸ ಮೂಡಬಿದಿರೆಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ, ವಿಜ್ಞಾನದ ಪಾಠ. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಮಾತು. ಆಗ ಒಂದು ಮನೆಗೆ ಫ್ರಿಜ್ಜು ಬಂದರೆ ನೆರೆಕರೆಯವರು ಮದುಮಗಳನ್ನು ನೋಡಲು ಬಂದಂತೆ ಬರುತ್ತಿದ್ದರು. ಅತ್ತೆಗೂ ಆ ಆಸೆ ಹುಟ್ಟಿತು. ಬಹಳ ಕಷ್ಟಪಟ್ಟು ದುಡ್ಡು ಕೂಡಿಸಿ ಮಾವನ ಕೈಗೆ ಕೊಟ್ಟು ಮಂಗಳೂರಿಗೆ ಕಳಿಸಿದರು. ಮಾವ ಹೋದದ್ದು ನೇರ ಫ್ರಿಜ್ಜಿನ ಅಂಗಡಿಗೇ, ಅದರಲ್ಲಿ ಸುಳ್ಳಿಲ್ಲ. ಆದರೆ ಆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಕಾಲೇಜುಗಳಿಗೆ ಪ್ರಯೋಗಶಾಲೆಯ ಸಾಮಾನು ಮಾರುವವನೊಬ್ಬ ಇರಬೇಕೇ? ಫ್ರಿಜ್ಜು ತೋರಿಸುವವನು ಊಟಕ್ಕೆ ಹೋಗಿರಬೇಕೇ? ಸುಮ್ಮನೆ ಕಾಯುವುದೇಕೆಂದು ಮಾವ ಮೆಟ್ಟಿಲು ಹತ್ತಬೇಕೇ?

ಸಂಜೆ ಮಾವ ಕಂಕುಳಲ್ಲಿ ಮರದ ಪೆಟ್ಟಿಗೆ ಇಟ್ಟುಕೊಂಡು ಅಂಗಳಕ್ಕೆ ಬಂದರು. ಫ್ರಿಜ್ಜಿಗೆಂದು ಗೋಡೆಯ ಬದಿ ತೆರವು ಮಾಡಿ, ಆ ಜಾಗಕ್ಕೆ ರಂಗೋಲಿ ಬೇರೆ ಹಾಕಿಟ್ಟ ಅತ್ತೆ ಕೇಳಿದರು: "ಇಷ್ಟು ಸಣ್ಣ ಫ್ರಿಜ್ಜಾ?"

"ಇದು ಫ್ರಿಜ್ಜಿಗಿಂತ ಒಳ್ಳೇದು ಮಾರಾಯ್ತಿ. ಅದರಲ್ಲಿಟ್ಟರೆ ಮೊಸರು ಹುಳಿಯಾಗುವುದಿಲ್ಲ, ಅಷ್ಟೇ. ಇದರಲ್ಲಿಟ್ಟರೆ ಯಾಕೆ ಹುಳಿಯಾಗ್ತದೆ ಅಂತಲೇ ಗೊತ್ತಾಗ್ತದೆ!"

ಅತ್ತೆ ಆಮೇಲೆ ಹಲವು ದಿನ ಬಾಯಿಗಿಡಲಾಗದ ಹುಳಿ ಮೊಸರನ್ನೇ ಬಡಿಸಿದರಂತೆ. ಮಾವ ಪ್ರತಿದಿನ ಅದರಿಂದ ಒಂದು ಹನಿ ತೆಗೆದು ನೋಡಿ, ಜನಸಂಖ್ಯೆ ಏರುತ್ತಿದೆ ಎಂದು ಸಂತೋಷಪಟ್ಟರಂತೆ. ಇಂಥವರ ಮೇಲೆ ಸೇಡು ತೀರಿಸುವುದಾದರೂ ಹೇಗೆ ಹೇಳಿ?

ಬಂಟ್ವಾಳದಲ್ಲಿ ನಮ್ಮ ಮನೆ. ಪೇಟೆಯಲ್ಲಿ ಅಪ್ಪನ ಬಟ್ಟೆ ಅಂಗಡಿ, ಅದರ ಹಿಂದೆಯೇ ಮನೆ. ರಜೆ ಬಂತೆಂದರೆ ಮಾವ ಪೆಟ್ಟಿಗೆಯ ಸಮೇತ ಅಕ್ಕನನ್ನು ನೋಡಲು ಬಸ್ಸು ಹತ್ತುತ್ತಿದ್ದರು. ಸಿದ್ಧಕಟ್ಟೆಯ ದಾರಿಯಾಗಿ ಬರುವ ಬಸ್ಸು, ಆ ಕಾಲದ ರಸ್ತೆ. ಕುಲುಕಾಟಕ್ಕೆ ಮಸೂರ ಸಡಿಲವಾಗುತ್ತದೆಂದು ಮಾವ ಶಾಲಾ ವಾರ್ಷಿಕೋತ್ಸವದ ಹಳೆಯ ಪರದೆಯ ಕೆಂಪು ಬಟ್ಟೆಯಲ್ಲಿ ಪೆಟ್ಟಿಗೆಯನ್ನು ಸುತ್ತಿ, ಬಸ್ಸು ಬರುವವರೆಗೆ ನೆಲಕ್ಕೂ ಇಡದೆ ತಲೆಯ ಮೇಲೆ ಹೊತ್ತು ನಿಲ್ಲುತ್ತಿದ್ದರು. ನಮ್ಮ ಕಡೆ ದೈವದ ಆಭರಣ, ಆಯುಧಗಳನ್ನು ಪೆಟ್ಟಿಗೆಯಲ್ಲಿಟ್ಟು ತಲೆಯ ಮೇಲೆ ಹೊತ್ತು ದೈವದ ಉತ್ಸವ, ಅಂದರೆ ನೇಮ ನಡೆಯುವ ಜಾಗಕ್ಕೆ ತರುವ ಕ್ರಮ ಉಂಟು. ಅದಕ್ಕೆ ಭಂಡಾರ ಎನ್ನುತ್ತೇವೆ. ಭಂಡಾರ ಬಂದರೆ ಎಂಥವನೂ ದಾರಿ ಬಿಟ್ಟು ಕೈ ಮುಗಿಯಬೇಕು. ಕೆಂಪು ಬಟ್ಟೆ, ಮರದ ಪೆಟ್ಟಿಗೆ, ಹೊತ್ತವರ ಮುಖದಲ್ಲಿ ಆ ಗಾಂಭೀರ್ಯ! ಜನ ಏನು ತಿಳಿದುಕೊಂಡಾರು?

ಒಮ್ಮೆ ನಾನೂ ಜೊತೆಗಿದ್ದೆ. ನಿಲ್ದಾಣದಲ್ಲಿ ನಿಂತಿದ್ದ ಹಿರಿಯರೊಬ್ಬರು ಮಾವನನ್ನು ಕಂಡದ್ದೇ ಚಪ್ಪಲಿ ಬಿಚ್ಚಿ ಬದಿಗೆ ಸರಿದರು.

"ಯಾವ ಊರಿನ ಭಂಡಾರ?"

"ಭಂಡಾರ ಅಲ್ಲ ಅಣ್ಣೆರೇ, ಇದು ಸೂಕ್ಷ್ಮದರ್ಶಕ."

ಹಿರಿಯರು ಯೋಚಿಸಿದರು. "ಹೊಸ ದೈವವಾ? ಹೆಸರು ಕೇಳಿ ಗೊತ್ತಿಲ್ಲ."

"ಕಣ್ಣಿಗೆ ಕಾಣದವರನ್ನೆಲ್ಲ ಕಾಣಿಸಿಕೊಡ್ತದೆ," ಎಂದು ಮಾವ ವಿವರಿಸಿದರು. ವಿವರಿಸಬಾರದಿತ್ತು.

"ಶಕ್ತಿ, ಕಾರಣಿಕ ಇರುವ ದೈವವೇ ಹಾಗಾದರೆ!" ಹಿರಿಯರು ಕೈ ಮುಗಿದರು. "ನೇಮ ಎಲ್ಲಿ?"

ಬಸ್ಸು ಬಂತು. ಜನ ತುಂಬಿ ಬಾಗಿಲಲ್ಲಿ ನೇತಾಡುತ್ತಿದ್ದರೂ ಮಾವನಿಗೆ ಮುಂದಿನ ಸೀಟು ಖಾಲಿಯಾಯಿತು. ಕಂಡಕ್ಟರ್ ಟಿಕೇಟಿನ ದುಡ್ಡು ಮುಟ್ಟಲಿಲ್ಲ. ಮಾವ ಬಂಟ್ವಾಳದವರೆಗೂ ಅವನಿಗೆ ಮಸೂರದ ತತ್ತ್ವ ತಿಳಿಸಿಕೊಟ್ಟರು. ಅವನು ಎಲ್ಲದಕ್ಕೂ "ಹೌದು ಹೌದು, ಎಲ್ಲ ಅದರ ಇಚ್ಛೆ," ಎಂದು ಭಕ್ತಿಯಿಂದ ತಲೆಯಾಡಿಸಿದ. ಈ ಸುದ್ದಿ ಕೇಳಿದ ಅತ್ತೆ ಒಂದೇ ಮಾತು ಹೇಳಿದರು: "ಫ್ರಿಜ್ಜಾಗಿದ್ದರೆ ಲಗೇಜಿನ ದುಡ್ಡು ಬೇರೆ ಕೊಡಬೇಕಿತ್ತು." ಅಂದರೆ ಅತ್ತೆ ಇನ್ನೂ ಮರೆತಿರಲಿಲ್ಲ.

ಶಾಲೆಯಲ್ಲಿ ಮಾವನ ಪಾಠದ ಕ್ರಮವೇ ಬೇರೆ. ಕಥೆ ಇಲ್ಲದೆ ಒಂದು ಅಣುವೂ ಅವರ ತರಗತಿಯಲ್ಲಿ ಅಲುಗಾಡುತ್ತಿರಲಿಲ್ಲ. ಜೀವಕೋಶದ ಪಾಠ ಬಂತು. ಕೋಶದೊಳಗೆ ಮೈಟೋಕಾಂಡ್ರಿಯ ಎಂಬುದೊಂದು ಇದೆ, ಶಕ್ತಿ ತಯಾರಾಗುವುದು ಅಲ್ಲಿ. ಅದು ಮಕ್ಕಳಿಗೆ ತಾಯಿಯಿಂದ ಮಾತ್ರ ಬರುತ್ತದೆ, ತಂದೆಯಿಂದಲ್ಲ. ಇಷ್ಟು ಹೇಳಿ ಬಿಟ್ಟಿದ್ದರೆ ಆಗುತ್ತಿತ್ತು. ನಮ್ಮ ಊರಲ್ಲಿ ಆಸ್ತಿ ತಾಯಿಯ ಕಡೆಯಿಂದಲೇ ಇಳಿದು ಬರುವ ಹಳೆಯ ಅಳಿಯಸಂತಾನ ಕಟ್ಟು ಉಂಟಲ್ಲ? ಮಾವ ಇವೆರಡನ್ನೂ ಜೋಡಿಸಿ, ಒಂದು ಪೀರಿಯಡ್ಡು ಇಡೀ ಕುಟುಂಬದ ಪಾಲುಪಟ್ಟಿಯ ಕಥೆ ಮಾಡಿ ಹೇಳಿದರು. ಮಕ್ಕಳಿಗೆ ಭಾರೀ ಖುಷಿಯಾಯಿತು.

ಹತ್ತನೆಯ ತರಗತಿಯ ಪಬ್ಲಿಕ್ ಪರೀಕ್ಷೆ ಬಂತು. ಮೈಟೋಕಾಂಡ್ರಿಯದ ಬಗ್ಗೆ ಬರೆಯಿರಿ ಎಂಬ ಪ್ರಶ್ನೆಗೆ ಇಡೀ ತರಗತಿ ಒಂದೇ ಉತ್ತರ ಬರೆಯಿತು: "ಮೈಟೋಕಾಂಡ್ರಿಯವು ಜೀವಕೋಶದ ಒಲೆ. ಇದು ತಾಯಿಯ ಕಡೆಯ ಆಸ್ತಿ. ಗಂಡುಮಕ್ಕಳಿಗೆ ಜೀವಮಾನವಿಡೀ ಅನುಭೋಗಿಸುವ ಹಕ್ಕುಂಟು, ಮುಂದಿನವರಿಗೆ ದಾಟಿಸುವ ಹಕ್ಕಿಲ್ಲ."

ಘಟ್ಟದ ಮೇಲಿನ ಯಾವುದೋ ಊರಲ್ಲಿ ಕೂತು ಉತ್ತರ ಪತ್ರಿಕೆ ತಿದ್ದಿದ ಪುಣ್ಯಾತ್ಮರು ಇದನ್ನು ಸಾಮೂಹಿಕ ನಕಲು ಎಂದು ಬರೆದು ಕಳಿಸಿದರು. ಹೆಡ್‌ಮಾಷ್ಟ್ರು ಮಾವನನ್ನು ಕರೆಸಿ ಕೇಳಿದರು, "ಎಂತ ಮಾರಾಯ್ರೆ ಇದು?" ಮಾವನ ಉತ್ತರ ಈಗಲೂ ಆ ಶಾಲೆಯಲ್ಲಿ ಚಲಾವಣೆಯಲ್ಲಿದೆ: "ಉತ್ತರ ಸರಿ ಉಂಟು ಸರ್. ಪೇಪರ್ ತಿದ್ದಿದವರು ಮಕ್ಕಳಕಟ್ಟಿನವರು ಆಗಿರಬೇಕು." ಮಕ್ಕಳಕಟ್ಟು ಅಂದರೆ ಅಪ್ಪನ ಆಸ್ತಿ ಮಗನಿಗೆ ಹೋಗುವ ಕ್ರಮ. ಅದಿರುವ ಊರಿನವರಿಗೆ ಮೈಟೋಕಾಂಡ್ರಿಯ ಅರ್ಥವಾಗುವುದು ಕಷ್ಟ ಎಂಬುದು ಮಾವನ ಗಟ್ಟಿ ನಂಬಿಕೆ.

ಇಲ್ಲಿ ಒಂದು ಗುಟ್ಟು ಹೇಳಬೇಕು. ಸೂಕ್ಷ್ಮದರ್ಶಕದಲ್ಲಿ ಮೊದಲ ಸಲ ಕಣ್ಣಿಟ್ಟವರಿಗೆ ಏನೂ ಕಾಣುವುದಿಲ್ಲ! ಕಾಣುವುದು ಒಂದೇ, ತಮ್ಮದೇ ರೆಪ್ಪೆಯ ಕೂದಲು. ನಾನೂ ಮೊದಲು ನೋಡಿ "ಅಯ್ಯೋ, ಎಷ್ಟು ದೊಡ್ಡ ಕಾಲು!" ಎಂದು ಕಿರುಚಿದ್ದೆ. ಹಿಂದಿನಿಂದ ಯಾರಾದರೂ "ಎಡಗಡೆ ನೋಡು, ಕೋಲಿನ ಹಾಗೆ ಉಂಟು, ಈಗ ಅಲುಗಾಡ್ತದೆ ನೋಡು," ಎಂದು ಹೇಳಬೇಕು. ಹೇಳಿದ ಮೇಲೆ ನಿಧಾನಕ್ಕೆ ಕಾಣತೊಡಗುತ್ತದೆ. ಹಾಗಾಗಿ ಮಾವನ ಉಪಕರಣದ ಅರ್ಧ ಭಾಗ ಹಿತ್ತಾಳೆಯದ್ದು, ಉಳಿದರ್ಧ ಅವರ ಬಾಯಿ. ನಾವು ಈ ಪ್ರಪಂಚದಲ್ಲಿ ನೋಡಿದೆವು ಅಂದುಕೊಂಡಿರುವುದರಲ್ಲಿ ಕಣ್ಣು ಕಂಡದ್ದೆಷ್ಟು, ಯಾರೋ ಹೇಳಿದ್ದೆಷ್ಟು ಎಂದು ನಾನು ಬಹಳ ಸಲ ಯೋಚಿಸಿದ್ದುಂಟು. ಇದರ ಅಪಾಯ ಏನೆಂಬುದು ನಮಗೆ ಗೊತ್ತಾದದ್ದು ಮಲೇರಿಯದ ವರ್ಷ.

ನೇತ್ರಾವತಿ ನಮ್ಮ ಪೇಟೆಗೆ ಮಳೆಗಾಲದಲ್ಲಿ ಬಂದು ಮುಖ ತೋರಿಸಿ ಹೋಗುವುದುಂಟು. ಆ ವರ್ಷ ನೆರೆ ಇಳಿದ ಮೇಲೆ ನುಸಿ ಎದ್ದಿತು. ನುಸಿ ಅಂದರೆ ಘಟ್ಟದ ಮೇಲಿನವರ ಸೊಳ್ಳೆ. ಮನೆಗೊಬ್ಬರು ಚಳಿಜ್ವರದಲ್ಲಿ ನಡುಗುತ್ತಿದ್ದರು. ಎಳನೀರು ಕುಡಿದು ಎಸೆದ ಬೊಂಡ, ತೆಂಗಿನಕಾಯಿ ತುರಿದು ಎಸೆದ ಗೆರಟೆ, ಹಳೆಯ ಟಯರು, ಒಡೆದ ಮಡಕೆ, ಎಲ್ಲದರಲ್ಲೂ ನೀರು ನಿಂತಿತ್ತು. ಮಗುಚಿ ಹಾಕಿ ಎಂದು ಆರೋಗ್ಯದವರು ಹೇಳಿ ಹೇಳಿ ಹೋದರು. ಯಾರು ಕೇಳುತ್ತಾರೆ? ಮಾವ ಪೆಟ್ಟಿಗೆ ಹೊತ್ತು ಬಂದು ಅಪ್ಪನ ಅಂಗಡಿಯ ಜಗಲಿಯಲ್ಲಿ ಪ್ರದರ್ಶನ ಇಟ್ಟೇಬಿಟ್ಟರು. ನುಸಿಯ ಮರಿಯ ಮುಸುಡು ನೋಡಲು ಪೇಟೆಗೆ ಪೇಟೆಯೇ ಸಾಲು ನಿಂತಿತು.

"ಆ ದಾಡೆ ಕಂಡಿತಾ? ಮೀಸೆ ಕಂಡಿತಾ? ಅವಳು ಈಗ ಮಗು. ದೊಡ್ಡವಳಾಗಿ ಮದುವೆಯಾದ ಮೇಲೆ ಬಸುರಿ ಬಯಕೆ ಅಂತ ನಿಮ್ಮ ರಕ್ತ ಕುಡೀಲಿಕ್ಕೆ ಬರ್ತಾಳೆ. ನಿಮ್ಮ ಗೆರಟೆಯೇ ಅವಳ ತವರುಮನೆ!"

"ಕಂಡಿತು ಮಾಷ್ಟ್ರೇ, ಅಬ್ಬಬ್ಬ!" ಮೀನು ಮಾರುವ ಹೆಂಗಸು ನೋಡಿ, "ಥೇಟು ನನ್ನ ಅತ್ತೆ!" ಎಂದಳು. ಎದುರಿನ ಸೈಕಲ್ ಅಂಗಡಿಯ ಕಾಕ ನೋಡಿದವರೇ, "ಯಾ ಅಲ್ಲಾ," ಎಂದು ಓಡಿಹೋಗಿ ಟಯರುಗಳ ನೀರು ಚೆಲ್ಲತೊಡಗಿದರು. ಜನ ಎಲ್ಲ ನೋಡಿ ಮುಗಿದ ಮೇಲೆ ಕೊನೆಗೆ ನಾನು ಕಣ್ಣಿಟ್ಟೆ. ರೆಪ್ಪೆಯ ಕೂದಲು ಬಿಟ್ಟರೆ ಏನೂ ಇಲ್ಲ. ಕೆಳಗೆ ಬಗ್ಗಿ ನೋಡಿದರೆ ಗಾಜೇ ಇಲ್ಲ! ಮೊದಲಿಗೆ ಒಂದಿಬ್ಬರಿಗೆ ತೋರಿಸಿ, ನೀರು ಆರಿತೆಂದು ಗಾಜನ್ನು ತೆಗೆದು ಕಿಟಕಿಯಲ್ಲಿಟ್ಟ ಮಾವ ಅದನ್ನು ಮರೆತೇಬಿಟ್ಟಿದ್ದರು. ಅಷ್ಟು ಜನ ನೋಡಿ ಬೆವರಿದ್ದು ಬರೀ ಬೆಳಕನ್ನು!

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವ ಮೊದಲು ಜಾಣತನ ತೋರಿಸಿದರು. "ಗೆರಟೆ ಮಗುಚಿದರೋ ಇಲ್ಲವೋ ಭಾವ? ಅದು ಮುಖ್ಯ."

"ಪಿಶಾಚಿ ಉಂಟು ಅಂತ ಹೇಳಿದ್ದರೂ ಮಗುಚುತ್ತಿದ್ದರು. ಅದಕ್ಕೆ ಇಷ್ಟು ದೊಡ್ಡ ಯಂತ್ರ ಯಾಕೆ?" ಎಂದರು ಅಪ್ಪ.

ಮಾವನ ಮುಖ ಇಳಿದುಹೋಯಿತು. ಅವರು ಅಷ್ಟು ಸಣ್ಣಗಾದದ್ದನ್ನು ನಾನು ನೋಡಿಯೇ ಇರಲಿಲ್ಲ. ಮರುದಿನ ಬೆಳಗ್ಗೆ ಸರಿಯಾದ ಗಾಜು, ಜೀವಂತ ಮರಿ ಎಲ್ಲ ಇಟ್ಟುಕೊಂಡು ಮನೆಮನೆಗೆ ಹೋದರು. "ನಿನ್ನೆ ನೀವು ನೋಡಿದ್ದು ಏನೂ ಅಲ್ಲ. ತಪ್ಪು ನನ್ನದು. ಇವತ್ತು ನಿಜವಾದದ್ದು ನೋಡಿ," ಎಂದು ಕೇಳಿಕೊಂಡರು. ಒಬ್ಬರಾದರೂ ಒಪ್ಪಬೇಕಲ್ಲ! "ನಾವು ಕಣ್ಣಾರೆ ನೋಡಿದ್ದೇವೆ ಮಾಷ್ಟ್ರೇ, ನೀವು ಯಾಕೆ ಬೇಸರ ಮಾಡ್ತೀರಿ?" ಎಂದು ಅವರಿಗೇ ಸಮಾಧಾನ ಹೇಳಿ ಕಾಫಿ ಕೊಟ್ಟು ಕಳಿಸಿದರು. ಸೈಕಲ್ ಅಂಗಡಿಯ ಕಾಕ ಮಾತ್ರ ದಾಕ್ಷಿಣ್ಯಕ್ಕೆ ಕಣ್ಣಿಟ್ಟು ನೋಡಿ, "ಇದು ಬೇರೆ ಜಾತಿ. ನಿನ್ನೆಯದ್ದಕ್ಕೆ ಇದಕ್ಕಿಂತ ದೊಡ್ಡ ಮೀಸೆ ಇತ್ತು," ಎಂದು ಖಂಡಿತವಾಗಿ ಹೇಳಿದರು.

ಆಮೇಲೆ ಮಾವ ಸ್ವಲ್ಪ ಬದಲಾದರು. ಕಥೆ ಹೇಳುವುದನ್ನು ಬಿಡಲಿಲ್ಲ, ಆದರೆ ಹೇಳುವ ಮೊದಲು ತಾವು ಒಮ್ಮೆ ಕಣ್ಣಿಟ್ಟು ನೋಡಿ ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಇಷ್ಟೆಲ್ಲ ವರ್ಷಗಳಲ್ಲಿ ಆ ಸೂಕ್ಷ್ಮದರ್ಶಕಕ್ಕೆ ಕಣ್ಣಿಡದೆ ಉಳಿದವರು ನಮ್ಮ ಮನೆಯಲ್ಲಿ ಒಬ್ಬರೇ, ಅಮ್ಮ. ಅಮ್ಮ ಹಿತ್ತಲಿನಲ್ಲಿ ಮಲ್ಲಿಗೆ ಬೆಳೆಸಿ, ಬಾಳೆನಾರಿನಲ್ಲಿ ಕಟ್ಟಿ, ಪೇಟೆಯ ಹೂವಿನ ಅಂಗಡಿಗೆ ಕೊಡುತ್ತಿದ್ದಳು. ಮಾವ ಪೆಟ್ಟಿಗೆ ಬಿಚ್ಚಿದಾಗಲೆಲ್ಲ, "ನನಗೆ ಹೂ ಕಟ್ಟಲಿಕ್ಕೆ ಉಂಟು ಮಾರಾಯ. ನಿನ್ನ ಕಥೆ ಇಲ್ಲಿಗೇ ಕೇಳ್ತದೆ, ಹೇಳು," ಎನ್ನುತ್ತಿದ್ದಳು. ತಾಯಿ ತೀರಿದಾಗ ಮಾವ ಇನ್ನೂ ಅಂಗನವಾಡಿಯ ಪ್ರಾಯದವರು. ಅವರನ್ನು ಸೊಂಟದಲ್ಲಿಟ್ಟುಕೊಂಡು ಬೆಳೆಸಿದವಳು ಅಮ್ಮ. ಅವಳ ಕಣ್ಣಿಗೆ ತಮ್ಮ ಏನು ಮಾಡಿದರೂ ಸ್ವಲ್ಪ ಪುಕ್ಕಲು ಹುಡುಗನ ಆಟವೇ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅಮ್ಮನಿಗೆ ಹೊಟ್ಟೆನೋವು ಶುರುವಾಯಿತು. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಆಸ್ಪತ್ರೆಗೆ ತೋರಿಸಿದೆವು, ಒಳಗಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಡಾಕ್ಟ್ರು ಅಪ್ಪನನ್ನೂ ನನ್ನನ್ನೂ ಮಾತ್ರ ಒಳಗೆ ಕರೆದರು. ದೊಡ್ಡಕರುಳಿನಲ್ಲಿ ಕ್ಯಾನ್ಸರ್ ಗೆಡ್ಡೆ. ಈಗಲೇ ಆಪರೇಷನ್ ಮಾಡಿದರೆ ಉಳಿಸಬಹುದು, ತಡ ಮಾಡಿದರೆ ಹರಡುತ್ತದೆ ಎಂದರು. ಹೊರಗೆ ಬಂದು ಅಪ್ಪ ನನ್ನ ಕೈ ಹಿಡಿದುಕೊಂಡು ಹೇಳಿದರು: "ಅವಳಿಗೆ ಹೇಳುವುದು ಬೇಡ. ಹೆದರಿಯೇ ಅರ್ಧ ಹೋಗ್ತಾಳೆ. ಗ್ಯಾಸ್ ಅಂತ ಹೇಳುವ."

ಅಲ್ಲಿಂದ ನಮ್ಮ ಮನೆಯವರೆಲ್ಲ ಕಥೆಗಾರರಾದೆವು! ಅಪ್ಪ ಗ್ಯಾಸ್ ಎಂದರು. ನಾನು ಅದಕ್ಕೆ ಬಣ್ಣ ಕೊಟ್ಟು, ಸುತ್ತಿಕೊಂಡ ಗ್ಯಾಸ್ ಎಂದೆ. ದೊಡ್ಡಪ್ಪ ಬಂದು, ಇದು ಬಹಳ ಹಳೆಯ ಗ್ಯಾಸ್, ಮೂಲೆಯಲ್ಲಿ ಸಿಕ್ಕಿಕೊಂಡು ಗಟ್ಟಿಯಾಗಿದೆ ಎಂದರು. ಅಮ್ಮ ಎಲ್ಲವನ್ನೂ ಕೇಳಿಕೊಂಡಳು, ಎಲ್ಲವನ್ನೂ ನಂಬಿದಳು. ನಂಬಿದ್ದರಿಂದಲೇ ಎಡವಟ್ಟಾಯಿತು.

"ಗ್ಯಾಸಿಗೆ ಹೊಟ್ಟೆ ಕೊಯ್ಯುವವ ಯಾವ ಊರಿನ ಡಾಕ್ಟ್ರು? ನಾನು ಬರುವುದಿಲ್ಲ. ಓಮದ ನೀರು ಕುಡಿದರೆ ಹೋಗ್ತದೆ."

ಕುಡಿಯತೊಡಗಿದಳು. ಶುಂಠಿ ಕಷಾಯ, ಇಂಗು, ಮಜ್ಜಿಗೆ, ಯಾರು ಏನು ಹೇಳಿದರೂ ಕುಡಿದಳು. ನಡುವೆ ನೋವು ಸ್ವಲ್ಪ ಕಡಿಮೆಯಾದರೆ, "ನೋಡಿ, ಕರಗ್ತಾ ಉಂಟು!" ಎಂದು ಗೆದ್ದವಳಂತೆ ಹೇಳುತ್ತಿದ್ದಳು. ನೆರೆಮನೆಯವರಿಗೆಲ್ಲ ಆ ಡಾಕ್ಟ್ರು ದುಡ್ಡಿನಾಸೆಯವರೆಂದು ತಿಳಿಸಿಯೂ ಆಗಿತ್ತು. ಆಸ್ಪತ್ರೆಯಿಂದ ಕರೆ ಬರುತ್ತಿತ್ತು, ಯಾಕೆ ತಡ ಮಾಡ್ತೀರಿ ಎಂದು. ನಾವು ಹೆಣೆದ ಸುಳ್ಳು ಅಷ್ಟು ಗಟ್ಟಿಯಾಗಿತ್ತು, ಅದರೊಳಗೆ ಅಮ್ಮ ಕಣ್ಣೆದುರೇ ಕರಗುತ್ತಿದ್ದಳು.

ಕೊನೆಗೆ ಅಪ್ಪ ಮಾವನನ್ನು ಕರೆಸಿದರು. ಅಲ್ಲಿಯವರೆಗೆ ಅವರಿಗೂ ಹೇಳಿರಲಿಲ್ಲ, ಬಾಯಿ ನಿಲ್ಲುವುದಿಲ್ಲವೆಂದು. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸಿ ಎಲ್ಲ ತಿಳಿಸಿ, ಅಪ್ಪ ಕೇಳಿಕೊಂಡರು.

"ಭಾವ, ನಿಮಗೆ ಬರುವಷ್ಟು ಕಥೆ ಯಾರಿಗೂ ಬರುವುದಿಲ್ಲ. ನೀವು ಹೇಳಿದರೆ ಅವಳು ಕೇಳ್ತಾಳೆ. ಗ್ಯಾಸಿಗೂ ಆಪರೇಷನ್ ಬೇಕು ಅಂತ ಒಂದು ಒಳ್ಳೆ ಕಥೆ ಮಾಡಿ ಒಪ್ಪಿಸಿ."

"ಆ ಕಥೆ ನಾನು ಹೇಳುವುದಿಲ್ಲ ಭಾವ," ಎಂದರು ಮಾವ.

"ಮರಿಯೇ ಇಲ್ಲದೆ ಮರಿ ತೋರಿಸಿದವರು ನೀವು!"

"ಅದಕ್ಕೇ ಹೇಳುವುದಿಲ್ಲ."

ಅಷ್ಟು ಹೇಳಿ, ಬೇರೆ ಡಾಕ್ಟ್ರಿಗೆ ತೋರಿಸಲಿಕ್ಕೆಂದು ಅಮ್ಮನ ಕರುಳಿನ ಚೂರಿರುವ ಪರೀಕ್ಷೆಯ ಗಾಜನ್ನು ಆಸ್ಪತ್ರೆಯಿಂದ ಪಡೆಯಲು ಅಪ್ಪನ ಒಪ್ಪಿಗೆ ತೆಗೆದುಕೊಂಡು ಎದ್ದು ಹೋದರು. ಎರಡು ದಿನ ಬಿಟ್ಟು ಬೆಳಗ್ಗೆ ಪೆಟ್ಟಿಗೆಯ ಸಮೇತ ಬಂದರು. ಅಮ್ಮ ಚಾವಡಿಯ ಕಿಟಕಿಯ ಹತ್ತಿರ ಹೂ ಕಟ್ಟುತ್ತಿದ್ದಳು. ಮಾವ ಅವಳೆದುರು ನೆಲದ ಮೇಲೆ ಕೂತರು.

"ಅಕ್ಕ, ನಿನಗೆ ಗ್ಯಾಸ್ ಅಲ್ಲ. ಇವರೆಲ್ಲ ಹೇಳಿದ್ದು ಸುಳ್ಳು. ಕರುಳಿನಲ್ಲಿ ಗೆಡ್ಡೆ ಉಂಟು. ಕ್ಯಾನ್ಸರ್."

ಅಪ್ಪ ಬಾಗಿಲಿಗೆ ಒರಗಿ ನಿಂತುಬಿಟ್ಟರು. ನನಗೆ ಆ ಕ್ಷಣ ಮಾವನನ್ನು ಹೊಡೆದು ಹೊರಗೆ ಹಾಕಬೇಕು ಅನ್ನಿಸಿತು. ಅಮ್ಮ ಕಟ್ಟುತ್ತಿದ್ದ ಹೂವನ್ನು ಮಡಿಲಿಗೆ ಇಳಿಸಿದಳು.

"ಸಾಯ್ತೇನಾ?"

"ಗೊತ್ತಿಲ್ಲ ಅಕ್ಕ. ಈಗ ತೆಗೆಸಿದರೆ ಉಳಿಯಬಹುದು ಅಂತ ಡಾಕ್ಟ್ರು ಹೇಳ್ತಾರೆ. ಬಿಟ್ಟರೆ ಉಳಿಯುವುದಿಲ್ಲ. ನನಗೆ ಗೊತ್ತಿರುವುದು ಇಷ್ಟೇ." ಪೆಟ್ಟಿಗೆ ಬಿಚ್ಚಿ, ಆಸ್ಪತ್ರೆಯಿಂದ ತಂದ ಗಾಜನ್ನು ಸೂಕ್ಷ್ಮದರ್ಶಕದಡಿ ಇಟ್ಟು ಕೇಳಿದರು, "ನೋಡ್ತೀಯಾ?"

ಅಮ್ಮ ಮೊದಲ ಸಲ ಎದ್ದು ಬಂದು ಕಣ್ಣಿಟ್ಟಳು. ಮಾವ ಕನ್ನಡಿ ತಿರುಗಿಸಿ ಬೆಳಕು ಸರಿ ಮಾಡಿದರು. ಈಗ ಶುರುವಾಗುತ್ತದೆ, ಯಜಮಾನ, ಭಾವಮೈದ, ತವರುಮನೆ ಎಂದು ನಾನು ಹಲ್ಲು ಕಚ್ಚಿ ಕಾದೆ. ಮಾವ ಮಾತಾಡಲಿಲ್ಲ.

"ಎಂತ ಸುಮ್ಮನೆ ನಿಂತದ್ದು? ಹೇಳು, ಇದು ಯಾರು, ಅದು ಯಾರು?"

"ಈ ಸಲ ನೀನು ಹೇಳಕ್ಕ. ನಿನ್ನದಲ್ವಾ."

ಅಮ್ಮ ನೋಡಿದಳು, ರೆಪ್ಪೆ ಬಡಿದಳು, ಮತ್ತೆ ನೋಡಿದಳು. ನಿಧಾನವಾಗಿ ಹೇಳತೊಡಗಿದಳು. "ಈ ಬದಿ ಚಂದ ಸಾಲು ಉಂಟು. ಎಲ್ಲ ಒಂದೇ ಅಳತೆ, ಮೊಗ್ಗು ಜೋಡಿಸಿ ಕಟ್ಟಿದ ಹಾಗೆ. ಆ ಬದಿ ಎಲ್ಲ ಒಟ್ರಾಶಿ. ದೊಡ್ಡದು ಸಣ್ಣದು ಒಂದರ ಮೇಲೆ ಒಂದು ಬಿದ್ದಿದೆ. ಕೈ ಬಾರದವರು ಕಟ್ಟಿದ್ದು ಅದು." ತಲೆಯೆತ್ತದೆ ಕೇಳಿದಳು, "ಇದು ನನ್ನ ಹೊಟ್ಟೆಯೊಳಗಾ?"

"ಹೌದಕ್ಕ."

"ಓಮದ ನೀರಿಗೆ ಹೋಗುವಂಥದ್ದಲ್ಲ ಇದು." ಅಮ್ಮ ನೆಟ್ಟಗೆ ನಿಂತಳು. "ಹೂವಾದರೆ ನಾನು ಆ ತುಂಡನ್ನು ಕತ್ತರಿಸಿ ತೆಗೆದು, ಈಚೆ ಆಚೆ ಎರಡೂ ತುದಿ ಸೇರಿಸಿ ಗಂಟು ಹಾಕ್ತೇನೆ."

"ಡಾಕ್ಟ್ರು ಮಾಡುವುದೂ ಅದನ್ನೇ. ಅಷ್ಟನ್ನೇ ಅಕ್ಕ."

"ಅಷ್ಟು ಹೇಳಲಿಕ್ಕೆ ಇವರಿಗೆಲ್ಲ ಎಂತ ಧಾಡಿ ಆಗಿತ್ತು?" ಎಂದು ಅಮ್ಮ ಅಪ್ಪನ ಕಡೆಗೂ ನನ್ನ ಕಡೆಗೂ ಒಂದು ನೋಟ ಬೀರಿದಳು. "ಪೊಕ್ಕಡೆ, ಸುಮ್ಮಸುಮ್ಮನೆ, ಅಷ್ಟು ಕಷಾಯ ಕುಡಿಸಿದರಲ್ಲ!" ಆಮೇಲೆ ಕೂತು ಉಳಿದ ಹೂ ಕಟ್ಟಿ ಮುಗಿಸಿ, ಆಸ್ಪತ್ರೆಗೆ ಯಾವ ಸೀರೆ ಒಯ್ಯಬೇಕೆಂದು ನನ್ನನ್ನು ಕೇಳಿದಳು.

ನೀವು ಗಾಬರಿಪಡಬೇಡಿ, ಈಗಲೇ ಹೇಳಿಬಿಡುತ್ತೇನೆ. ಅಮ್ಮ ಮನೆಗೆ ಬಂದಳು. ಆಮೇಲೆ ಎಷ್ಟೋ ವರ್ಷ ಮಲ್ಲಿಗೆ ಕಟ್ಟಿದಳು. ನಾನು ಹೇಳಬೇಕೆಂದಿರುವುದು ಆಪರೇಷನ್ ದಿನದ್ದು. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಒಂದು ಕ್ರಮ ಉಂಟು, ತೆಗೆದ ಭಾಗವನ್ನು ಟ್ರೇಯಲ್ಲಿಟ್ಟು ಹೊರಗೆ ತಂದು ಮನೆಯವರಿಗೆ ತೋರಿಸುತ್ತಾರೆ. ಡಾಕ್ಟ್ರು ಟ್ರೇ ಹಿಡಿದು ಬಾಗಿಲಿಗೆ ಬಂದು, ನಮ್ಮಲ್ಲಿ ಒಬ್ಬರು ವಿಜ್ಞಾನದ ಮಾಷ್ಟ್ರು ಎಂದು ಗೊತ್ತಿದ್ದರಿಂದ ಉತ್ಸಾಹದಿಂದಲೇ ಕರೆದರು: "ಬನ್ನಿ ಮಾಷ್ಟ್ರೇ, ಪೂರ್ತಿ ತೆಗೆದಿದ್ದೇವೆ, ನೀವು ನೋಡಲೇಬೇಕು." ಎಲ್ಲದಕ್ಕೂ ಕಣ್ಣಿಡುವವರು, ಮೊಸರಿನ ಹನಿಯನ್ನೂ ಬಿಡದವರು! ಅಪ್ಪ ನೋಡಿದರು. ನಾನು ನೋಡಿದೆ. ತಿರುಗಿದರೆ ಮಾವ ಗೋಡೆಗೆ ಮುಖ ಮಾಡಿ ನಿಂತಿದ್ದಾರೆ.

ಸಂಜೆ ಅಮ್ಮನಿಗೆ ಎಚ್ಚರವಾದಾಗ ಅವಳು ಹುಡುಕಿದ್ದು ಅಪ್ಪನನ್ನಲ್ಲ, ನನ್ನನ್ನೂ ಅಲ್ಲ. ಮಾವ ಮಂಚದ ಹತ್ತಿರ ಹೋದರು. ಅಮ್ಮನ ನಾಲಿಗೆ ಇನ್ನೂ ಸರಿಯಾಗಿ ತಿರುಗುತ್ತಿರಲಿಲ್ಲ.

"ತಮ್ಮಾ, ತೆಗೆದದ್ದನ್ನು ನೋಡಿದೆಯಾ? ಹೇಗುಂಟು?"

"ನೋಡಲಿಲ್ಲ ಅಕ್ಕ," ಎಂದರು ಮಾವ. "ನನಗೆ ಹೆದರಿಕೆ ಆಯಿತು."

ಅಷ್ಟು ಹೇಳಿ, ವಾರ್ಡಿನ ಅಷ್ಟೂ ಜನರ ಎದುರು, ತಲೆ ನರೆತ ಆ ಹೈಸ್ಕೂಲು ಮಾಷ್ಟ್ರು ಬಾಯಿಬಿಟ್ಟು ಅತ್ತರು. ಅಮ್ಮ ಸೂಜಿ ಚುಚ್ಚಿದ ಕೈಯನ್ನು ಕಷ್ಟಪಟ್ಟು ಎತ್ತಿ ಅವರ ತಲೆಯ ಮೇಲಿಟ್ಟು, "ನನಗೂ ಆಗಿತ್ತು ಮಾರಾಯ," ಎಂದಳು.